ಮಾತಿಗೆ ಮೊದಲೇ ಹಿಡಿದ ತಟ್ಟೆ

ಏಳನೆಯ ತರಗತಿ ಮುಗಿಸಿದ ಹುಡುಗಿಯರು ಮುಂದೇನು ಮಾಡಬೇಕೆಂದು ನಮ್ಮೂರಲ್ಲಿ ಯಾರೂ ಕೇಳುತ್ತಿರಲಿಲ್ಲ. ಹೈಸ್ಕೂಲು ಇದ್ದದ್ದು ಉಜ್ಜಿನಿಯಲ್ಲಿ, ನಾಲ್ಕು ಕಿಲೋಮೀಟರ್ ದೂರ. ನಡುವೆ ಜಾಲಿ ಬೆಳೆದ ಒಂದು ಹಳ್ಳ. ಗಂಡುಹುಡುಗರು ಅದನ್ನು ದಾಟಿ ಹೋಗಿ ಮೂರು ಸಲ ಫೇಲಾಗಿ ಬಂದರೂ ಯಾರಿಗೂ ಬೇಸರವಿಲ್ಲ. ಹುಡುಗಿಯರು ದಾಟಿದರೆ ಮಾತ್ರ ಊರ ಮರ್ಯಾದೆ ಹಳ್ಳದ ಪಾಲು. ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ನಮ್ಮಜ್ಜ ಯುಗಾದಿಗೆ ಮೊದಲೇ ತೀರ್ಪು ಕೊಟ್ಟಿದ್ದ. ಏಳು ಸಾಕು, ಮುಂಗಾರಿಗೆ ಹೊಲಕ್ಕೆ ಬರಲಿ. ಅಪ್ಪ ಅವನೆದುರು ಉಸಿರೆತ್ತಿದವನಲ್ಲ. ಅವ್ವ ರೊಟ್ಟಿ ಬಡಿಯುವ ಸದ್ದು ಜೋರು ಮಾಡಿದಳು, ಅಷ್ಟೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷ ಪರವೂರಿನ ಮೇಷ್ಟ್ರೊಬ್ಬರು ನಮ್ಮ ಶಾಲೆಗೆ ಬಂದು ಹೊಸ ಪದ್ಧತಿ ಶುರುಮಾಡಿದರು. ಒಂದು ಸಂಜೆ ಊರ ಹಿರಿಯರನ್ನು ಶಾಲೆಗೆ ಕರೆಯುವುದು. ಏಳನೆಯವರು ಊರಿಗೆ ಆಗಬೇಕಾದ ಕೆಲಸಗಳನ್ನು ಯೋಚಿಸಿ ಅವರ ಮುಂದೆ ಇಡುವುದು. ಹಿರಿಯರು ಒಪ್ಪಿದ್ದನ್ನು ಊರೇ ಮಾಡಬೇಕು. ಕೆಲವರು ಬೋರಿನ ಸುತ್ತ ಚಪ್ಪಡಿ ಹಾಕಿಸಿ ಎಂದು ಬರೆದರು, ಕೆಲವರು ರಸ್ತೆಗೆ ಬೇವಿನ ಸಸಿ ಎಂದರು. ನಾನು ಬರೆದದ್ದು ಇಷ್ಟು: ಹೈಸ್ಕೂಲಿಗೆ ಹೋಗುವ ಹುಡುಗಿಯರನ್ನು ದಿನಕ್ಕೊಬ್ಬರಂತೆ ಹಿರಿಯರು ಬೆಳಿಗ್ಗೆ ಹಳ್ಳ ದಾಟಿಸಬೇಕು, ಸಂಜೆ ಕರೆತರಬೇಕು. ಊರಿಗೆ ಒಳ್ಳೆಯದಾಗಲಿ ಅಂತೇನೂ ಅಲ್ಲ, ನನ್ನ ಓದು ಉಳಿಯಲಿ ಅಂತ.

ನಮ್ಮ ಕಡೆ ಎಲೆ ಅಡಿಕೆ ಹಿಡಿದರೆ ಮಾತು ಹಿಡಿದಂತೆ. ಹೆಣ್ಣು ಗೊತ್ತು ಮಾಡುವುದಿರಲಿ, ಬದುವಿನ ಜಗಳ ಮುಗಿಸುವುದಿರಲಿ, ಎಲೆ ತೆಗೆದುಕೊಂಡವನು ಹಿಂದೆ ಸರಿಯುವಂತಿಲ್ಲ. ಮೇಷ್ಟ್ರು ಇದನ್ನು ಚೆನ್ನಾಗಿ ಗಮನಿಸಿದ್ದರು. ಮೊದಲು ಮಾತು, ಆಮೇಲೆ ತಟ್ಟೆ, ಒಪ್ಪಿದವರು ಎಲೆ ತಗೊಳ್ತಾರೆ ಎಂದು ಮೂರು ಸಲ ಹೇಳಿಕೊಟ್ಟಿದ್ದರು.

ಚಪ್ಪಡಿಗೆ ಎಲೆ ಹಿಡಿದರು. ಬೇವಿನ ಸಸಿಗೂ ಹಿಡಿದರು. ಮೂರನೆಯವಳು ನಾನು. ಮುಂದಿನ ಬೆಂಚಿನಲ್ಲಿ ಅಜ್ಜ, ತಲೆಗೆ ಬಿಳಿ ರುಮಾಲು, ಅವನ ಮಗ್ಗುಲಿಗೆ ನಾಲ್ವರು ಹಿರಿಯರು. ತಟ್ಟೆ ಎತ್ತಿಕೊಂಡು ನಿಂತೆ, ಕಲಿತ ಮಾತಿನ ಮೊದಲ ಅಕ್ಷರವೂ ನೆನಪಾಗಲಿಲ್ಲ. ದಿನಾ ಊಟವಾದ ಮೇಲೆ ಅಜ್ಜನಿಗೆ ಎಲೆ ತಟ್ಟೆ ಹಿಡಿಯುವುದು ಮನೆಯಲ್ಲಿ ನನ್ನದೇ ಕೆಲಸ. ಬಾಯಿ ಬಾರದಾಗ ಕೈ ತನ್ನ ರೂಢಿಗೆ ಬಿತ್ತು. ನೆಟ್ಟಗೆ ಹೋಗಿ ಅಜ್ಜನ ಮುಂದೆ ತಟ್ಟೆ ಹಿಡಿದೆ. ಅವನೂ ರೂಢಿಯಂತೆ ಎಲೆ ತೆಗೆದುಕೊಂಡ. ಅವನನ್ನು ನೋಡಿ ಉಳಿದ ನಾಲ್ವರೂ ತೆಗೆದುಕೊಂಡರು.

ಆಮೇಲೆ ಮಾತು ನೆನಪಾಯಿತು. ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಎಲೆ ಹಿಡಿದ ಐದೂ ಕೈಗಳು ಹಿಡಿದಲ್ಲೇ ಇದ್ದವು. ಅಜ್ಜ ನನ್ನನ್ನು ನೋಡಲಿಲ್ಲ, ಮೇಷ್ಟ್ರನ್ನು ನೋಡುತ್ತಲೇ ನನ್ನನ್ನು ಕೇಳಿದ.

"ಇದನ್ನ ನಿನಗ ಯಾರು ಹೇಳಿಕೊಟ್ಟಾರ?"

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಹಿರಿಯರಿಗೆ ಮೋಸ ಮಾಡಿಸಿದ ಎಂಬ ಮಾತು ಒಮ್ಮೆ ಹುಟ್ಟಿದರೆ ಅವರು ಆ ಊರಲ್ಲಿ ಉಳಿಯುವಂತಿರಲಿಲ್ಲ. ನಿಜ ಹೇಳಿದರೆ ಅವರು ಉಳಿಯುತ್ತಾರೆ, ಆದರೆ ಅಜ್ಜ ಎಲೆ ತಿರುಗಿ ಇಟ್ಟುಬಿಡಬಹುದು, ನನ್ನ ಹೈಸ್ಕೂಲು ಅಲ್ಲಿಗೆ ಮುಗಿಯಿತು. ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಮನೆಯಲ್ಲಿ ನೀನು ಎಂದೇ ನಾನು ಕರೆಯುತ್ತಿದ್ದ ಅಜ್ಜನಿಗೆ ಅವತ್ತೇ ಮೊದಲ ಸಲ ರೀ ಹಚ್ಚಿದೆ.

"ಯಾರೂ ಹೇಳಿಕೊಟ್ಟಿಲ್ರಿ. ಮೇಷ್ಟ್ರು ಮೊದ್ಲು ಮಾತಾಡು ಅಂದಿದ್ರು, ನಾನ ತಪ್ಪೀನಿ. ಎಲಿ ವಾಪಸ್ ಇಡ್ರಿ."

ಖಾಲಿ ತಟ್ಟೆ ಮುಂದೆ ಚಾಚಿದೆ. ನನ್ನ ಓದನ್ನು ನಾನೇ ಕೈಯಾರೆ ಬಿಟ್ಟುಕೊಡುತ್ತಿದ್ದೆ. ನಾಲ್ವರೂ ಅಜ್ಜನ ಕೈಯನ್ನೇ ನೋಡುತ್ತಿದ್ದರು. ಅವನು ಇಟ್ಟರೆ ಎಲ್ಲರೂ ಇಡುವವರೇ.

ಅಜ್ಜ ಎಲೆಯ ತೊಟ್ಟು ಮುರಿದ. ಸುಣ್ಣದ ಡಬ್ಬಿ ತೆಗೆದ. ನಿಧಾನಕ್ಕೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಂಡ.

"ಹಿಡಿದ ಎಲಿ ತಿರುಗಿ ಇಡೋ ಚಾಳಿ ನಮ್ಮ ಮನಿತನಕ್ಕಿಲ್ಲ," ಎಂದು ಎದ್ದು ಹೋದ. ಉಳಿದ ನಾಲ್ವರೂ ಎಲೆ ಬಾಯಿಗೆ ಹಾಕಿಕೊಂಡರು. ಶಾಲೆ ಶುರುವಾಗುವ ತನಕ ಅಜ್ಜ ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ.

ಜೂನ್‌ನಲ್ಲಿ ಮೊದಲ ಪಾಳಿ ಅವನದೇ. ಕೋಲು ಊರುತ್ತಾ ಹತ್ತು ಹೆಜ್ಜೆ ಮುಂದೆ ಅವನು, ಹಿಂದೆ ನಾವು ಆರು ಹುಡುಗಿಯರು. ಉಳಿದ ಹಿರಿಯರು ಒಂದು ತಿಂಗಳು ಬಂದರು. ಆಮೇಲೆ ಒಬ್ಬರಿಗೆ ಹೊಲದ ಕಳೆ ತೆಗೆಯಲು ಎಡೆ ಹೊಡೆಯುವುದಿತ್ತು, ಇನ್ನೊಬ್ಬರಿಗೆ ಮೊಣಕಾಲು ನೋವು. ಎಲೆ ಮೆದ್ದವರು ನಾಲ್ವರೂ ಜಾರಿಕೊಂಡರು, ಎಲ್ಲರ ಪಾಳಿಯೂ ಅಜ್ಜನಿಗೇ ಬಂತು. ಮಳೆಯಲ್ಲೂ ಬಿಸಿಲಲ್ಲೂ ಬೈದುಕೊಳ್ಳುತ್ತಲೇ ನಡೆದ. ಏನು ಕಲಿತೆ ಎಂದು ಒಂದು ದಿನವೂ ಕೇಳಲಿಲ್ಲ.

ಹತ್ತನೆಯ ತರಗತಿಯ ಫಲಿತಾಂಶದ ದಿನವೂ ಜತೆಗೇ ಬಂದ. ಪಾಸಾಗೀನಿ ಎಂದರೆ ಹೂಂ ಅಂದ, ಅಷ್ಟೇ. ವಾಪಸು ಬರುವಾಗ ಹಳ್ಳದ ದಂಡೆಯಲ್ಲಿ ಒಂದು ಬಂಡೆಯ ಮೇಲೆ ಕುಳಿತು ಎಲೆಸಂಚಿ ಬಿಚ್ಚಿದ.

"ಒಂದು ಎಲಿಗೆ ಮೂರು ವರ್ಷ ನಡಿಸಿಬಿಟ್ಟಿ," ಅಂದ. ಆಮೇಲೆ ಸಂಚಿಯನ್ನು ನನ್ನ ಕೈಗಿಟ್ಟ. "ಕಾಲೇಜು ಕೊಟ್ಟೂರಾಗ ಐತಂತಲ್ಲ. ಈ ಸಲ ಮೊದ್ಲು ಮಾತಾಡು, ಆಮ್ಯಾಲೆ ಎಲಿ ಕೊಡು."

ಸಭೆಯಲ್ಲೂ ಬಾರದ ಅಳು ಆಗ ಬಂತು. ಕಾಲೇಜಿಗೆ ಕಳಿಸು ಎಂದು ಅಳುತ್ತಲೇ ಕೇಳಿದೆ.