ತಣ್ಣಗೆ ಮಲಗಿದೆ

ನಮ್ಮ ದೊಡ್ಡಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಯಾವ ಮಾತನ್ನೂ ಅದರ ಪಾಡಿಗೆ ಬಿಡುವವಳಲ್ಲ. "ಸುಮ್ಮನೆ ಬಂದೆ" ಅಂದರೂ, "ಸುಮ್ಮನೆ ಯಾರೂ ಬರಲ್ಲ, ವಿಷಯ ಹೇಳು" ಎನ್ನುತ್ತಾಳೆ. ದೊಡ್ಡಪ್ಪ ಅವಳಿಗೆ ಪೊಲೀಸಮ್ಮ ಎಂದೇ ಹೆಸರಿಟ್ಟಿದ್ದಾನೆ.

ಹೆರಿಗೆಯಾಗಿ ಮನೆಗೆ ಹೋದವರನ್ನು ಮೊದಲೆಲ್ಲ ಅವಳೇ ಹೋಗಿ ನೋಡಿ ಬರುತ್ತಿದ್ದಳು. ಆಮೇಲೆ ನರ್ಸುಗಳು ಕಡಿಮೆಯಾದರು; ಫೋನಿನಲ್ಲೇ ವಿಚಾರಿಸಿ ಎಂದು ಆದೇಶ ಬಂತು. ಕೂತಲ್ಲಿಂದಲೇ ಕೂಸು ನೋಡುವ ವಿದ್ಯೆ ಕಂಡುಹಿಡಿದವರಿಗೆ ದೊಡ್ಡ ನಮಸ್ಕಾರ. ಗಟ್ಟಿಮುಟ್ಟಾಗಿ ಮನೆಗೆ ಹೋದ ಕೂಸುಗಳು ಬಟ್ಟೆ ಗಿರಣಿಯ ಹಿಂದಿನ ಸಾಲುಮನೆಗಳಲ್ಲೇ ಯಾಕೆ ಹೆಚ್ಚು ಸಾಯುತ್ತವೆ? ದೊಡ್ಡಮ್ಮನ ತಲೆಯಲ್ಲಿ ಹುಳ ಹೊಕ್ಕಿತು. ಸಾಯುವ ಮುಂಚೆ ಫೋನು ಮಾಡಿದಾಗ ಆ ಮನೆಯವರು ಏನೆಂದಿದ್ದರು ಎಂದು ಒಂದೊಂದಾಗಿ ನೆನಪಿಸಿಕೊಂಡಳು. ಎಲ್ಲರದೂ ಒಂದೇ ಮಾತು: "ತಣ್ಣಗೆ ಮಲಗಿದೆ."

ಇದಕ್ಕಿಂತ ನೆಮ್ಮದಿಯ ಮಾತು ಇನ್ಯಾವುದಿದೆ? ಹರಸುವಾಗಲೂ ತಣ್ಣಗಿರು ಎನ್ನುತ್ತೇವೆ. ಅವಳೂ ನೆಮ್ಮದಿಯಿಂದಲೇ ಫೋನು ಇಟ್ಟಿದ್ದಳು. ಅದನ್ನು ನೆನೆದರೆ ಈಗಲೂ ಅವಳಿಗೆ ಊಟ ಸೇರುವುದಿಲ್ಲ.

ಹೋದ ತಿಂಗಳು ಅದೇ ಸಾಲಿನ ಒಂದು ಮನೆಗೆ ಫೋನು ಮಾಡಿದಾಗ ಅಜ್ಜಿ ಎತ್ತಿದಳು. ಸೊಸೆ ಗಿರಣಿಗೆ ಹೋಗಿದ್ದಳು. ಹಸಿ ಬಾಣಂತಿ, ಆದರೆ ರಜೆ ಕೇಳಿದರೆ ಕೆಲಸವೇ ಹೋಗುತ್ತದೆ.

"ಕೂಸು ಹೇಗಿದೆ ಅಜ್ಜಿ?"

"ತಣ್ಣಗೆ ಮಲಗಿದೆ ಸಿಸ್ಟರ್. ಬಂಗಾರದಂಥದ್ದು, ಅಳೋದೇ ಇಲ್ಲ."

"ತಣ್ಣಗೆ ಅಂದ್ರೆ ಯಾವ ತಣ್ಣಗೆ? ಪಾದ ಮುಟ್ಟಿ ನೋಡಿ."

ಅಜ್ಜಿ ಫೋನು ಕೆಳಗಿಟ್ಟು ಹೋಗಿ ಮುಟ್ಟಿ ನೋಡಿದಳು. ಆಮೇಲೆ, "ಸಿಮೆಂಟು ನೆಲದ ಹಾಗಿದೆಯಲ್ಲಮ್ಮಾ."

"ಹಾಲು ಯಾವಾಗ ಕುಡೀತು?"

"ಬೆಳಗ್ಗೆ, ಅವಳು ಹೋಗೋವಾಗ. ಮಲಗಿರೋ ಮಗುನ ಎಬ್ಬಿಸಬಾರದು ಅಂತ ಬಿಟ್ಟೆ."

"ಈಗಲೇ ಎತ್ತಿ ನಿಮ್ಮ ಎದೆಗೆ ಹಾಕ್ಕೊಳ್ಳಿ. ಮೈಗೆ ಮೈ ತಾಗಿರ್ಲಿ, ಮೇಲೆ ಕಂಬಳಿ ಹೊದ್ಕೊಳ್ಳಿ. ಗಾಡಿ ಕಳಿಸ್ತೀನಿ."

ಆಮೇಲೆ ಗಿರಣಿಗೂ ಫೋನು ಮಾಡಿ, ಸೊಸೆಯನ್ನು ಬಿಡುವುದಿಲ್ಲ ಎಂದ ಮೇಸ್ತ್ರಿಯನ್ನು ಹಿಗ್ಗಾಮುಗ್ಗಾ ಬೈದಳು. ಸೊಸೆ ಗೇಟು ದಾಟಿ ಓಡಿಬಂದಳು.

ಕೂಸು ಬದುಕಿತು. ಕೆಲವು ದಿನ ಕಳೆದ ಮೇಲೆ ಅದು ವಾರ್ಡೆಲ್ಲ ಕೇಳುವಂತೆ ರಚ್ಚೆ ಹಿಡಿದು ಅತ್ತಾಗ ಸೊಸೆ ನಕ್ಕಳು. ಅಜ್ಜಿ ನಗಲಿಲ್ಲ. ದೊಡ್ಡಮ್ಮನನ್ನು ಬಾಗಿಲ ಬಳಿ ಕರೆದು ಕೈ ಹಿಡಿದುಕೊಂಡಳು.

"ನನ್ನ ಮೊದಲ್ನೇದೂ ಹೀಗೇ ತಣ್ಣಗೆ ಮಲಗಿತ್ತು ತಾಯಿ. ಅದರ ಆಯುಸ್ಸೇ ಅಷ್ಟು ಅಂತ ಎಲ್ಲರೂ ಅಂದ್ರು, ನಾನೂ ನಂಬ್ಕೊಂಡೆ. ಹಾಗಾದ್ರೆ ಅವತ್ತು ಎತ್ಕೊಂಡಿದ್ರೆ ಬದುಕ್ತಿತ್ತಾ?"