ಪದಕದವರು ಮುಂದೆ ಹೋಗಬೇಕು

ನಮ್ಮ ಮನೆಯವರ ಎರಡು ಪದಕಗಳು ವರ್ಷವಿಡೀ ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ಕೆಳಗೆ ಮಲಗಿರುತ್ತವೆ. ಒಂದು ಸೈನ್ಯದಲ್ಲಿ ತೋರಿದ ಶೌರ್ಯಕ್ಕೆ, ಇನ್ನೊಂದು ದೀರ್ಘ ಸೇವೆಗೆ. ಆಯುಧಪೂಜೆ ಬಂತೆಂದರೆ ಅವಕ್ಕೆ ಎಲ್ಲಿಲ್ಲದ ಮರ್ಯಾದೆ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ತಾವೇ ಹಿತ್ತಾಳೆ ತಟ್ಟೆ ಹಿಡಿದು ಬಂದು ಅವನ್ನು ಸ್ಟೋರಿಗೆ ಒಯ್ಯುತ್ತಾರೆ. ಜೀಪು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಕೋವಿ, ಕತ್ತಿಗಳ ನಟ್ಟನಡುವೆ ನಮ್ಮ ತಟ್ಟೆ. ಮೊದಲ ಹೂವು ಅದಕ್ಕೇ ಬೀಳುತ್ತದೆ. ಪೂಜೆ ಮುಗಿದು ಮನೆಗೆ ಬಂದ ಮೇಲೆ ಪದಕದ ಬಟ್ಟೆಪಟ್ಟಿಗೆ ಹತ್ತಿದ ಕುಂಕುಮ ಒರೆಸುವುದು ನನ್ನ ಕೆಲಸ.

ಈ ಮೊದಲ ಹೂವಿಗೆ ಒಂದು ಪದ್ಧತಿ ಅಂಟಿಕೊಂಡಿದೆ. ಅದು ಯಾರ ಆಯುಧಕ್ಕೆ ಬಿತ್ತೋ ಅವರು ಆ ವರ್ಷದ ಕಾಫಿ ಕುಯ್ಲಿಗೆ ಎಲ್ಲರಿಗಿಂತ ಮೊದಲು ಆ ಎಸ್ಟೇಟಿನ ತೋಟಕ್ಕೆ ಇಳಿಯಬೇಕು. ಹಿಂದೆಲ್ಲ ಒಂದು ಗಿಡ ಮುಟ್ಟಿ, ನಾಲ್ಕು ಹಣ್ಣು ಕಿತ್ತು ಬಂದರೆ ಶಾಸ್ತ್ರ ಮುಗಿಯುತ್ತಿತ್ತು. ಈಗ ಆನೆಗಳು ತೋಟದಲ್ಲೇ ಸಂಸಾರ ಹೂಡಿವೆ. ಹಣ್ಣು ಕುಯ್ಯುವ ಕೂಲಿ ಲೈನಿನ ಹೆಂಗಸರು ಒಳಗೆ ಕಾಲಿಡುವ ಮೊದಲು ಪ್ರತಿದಿನ ಬೆಳಿಗ್ಗೆ ಒಬ್ಬರು ಮುಂದೆ ಹೋಗಿ, ಆನೆ ಇಲ್ಲವೆಂದು ತಿಳಿದುಕೊಂಡು, ಬನ್ನಿ ಎಂದು ಕೂಗು ಹಾಕಬೇಕು. ಪದಕದವರು ಇರುವಾಗ ಬೇರೆಯವರು ಯಾಕೆ ಹೋಗುತ್ತಾರೆ?

ಪದಕದವರಿಗೆ ಕಿವಿ ಕೇಳುವುದಿಲ್ಲ. ಅದು ಗೊತ್ತಿರುವುದು ನನಗೆ ಮಾತ್ರ.

ಗಾಯಗೊಂಡ ಜೊತೆಗಾರನನ್ನು ಬೆನ್ನ ಮೇಲೆ ಹೊತ್ತು ಹಿಮದ ಬೆಟ್ಟ ಇಳಿಯುವಾಗ ಪಕ್ಕದಲ್ಲೇ ಶೆಲ್ ಸಿಡಿದು ಅವರ ಒಂದು ಕಿವಿ ಹೋಯಿತು. ಇನ್ನೊಂದು ಈಚೆಗೆ ವಯಸ್ಸಿನ ಜೊತೆ ಹೋಯಿತು. ಹಾಸನದಿಂದ ತಂದ ಕಿವಿಯ ಯಂತ್ರ ಹಾಕಿಕೊಂಡರೆ ಬರೀ ಗಾಳಿ ಬೀಸಿದ ಸದ್ದಂತೆ; ಅದು ಡಬ್ಬಿಯಲ್ಲೇ ಇದೆ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಾರೆ, ಹಿಡಿಯಲಾಗದಿದ್ದರೆ ತಾವೇ ಜೋರಾಗಿ ಮಾತು ಶುರು ಮಾಡಿಬಿಡುತ್ತಾರೆ. ಮಿಲಿಟರಿಯವರ ಗತ್ತು ಎಂದುಕೊಂಡು ಊರು ತಲೆದೂಗುತ್ತದೆ. ನನಗೆ ಮೈ ಉರಿಯುತ್ತದೆ.

ತೋಟದಲ್ಲಿ ಆನೆ ಕಣ್ಣಿಗೆ ಬೀಳುವುದು ಕಟ್ಟಕಡೆಗೆ. ಅಷ್ಟು ದೊಡ್ಡ ಪ್ರಾಣಿ, ಮಂಜಿನಲ್ಲಿ ಆಳೆತ್ತರದ ಗಿಡಗಳ ಹಿಂದೆ ನಿಂತರೆ ಇಲ್ಲವೇ ಇಲ್ಲ. ಬೈನೆ ಮರ ಮುರಿದ ಸದ್ದೋ, ಕಿವಿ ಬೀಸಿದ ಸದ್ದೋ ಕೇಳಿಸಿದರೆ ಬದುಕಿದಿರಿ. ಅವರಿಗೆ ಅದಾವುದೂ ಕೇಳಿಸುವುದಿಲ್ಲ. ಅವರು ಗೇಟು ದಾಟಿದ ಮೇಲೆ ನಾನು ಒಲೆಯ ಮುಂದೆ ಕೂತು ಕೂಗಿಗಾಗಿ ಕಾಯುತ್ತಿದ್ದೆ. ರೊಟ್ಟಿ ಸೀದು ಹೋಗುತ್ತಿತ್ತು.

ಬೇಡಿಕೊಂಡೆ, ಜಗಳವಾಡಿದೆ, ಎರಡು ದಿನ ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ. ಕೊನೆಗೆ ಅವರು ಹೇಳಿದ್ದು ಒಂದೇ ಮಾತು.

"ನಾನು ಹೋಗ್ದಿದ್ರೆ ಆ ಲೈನ್ ಹೆಂಗಸ್ರೇ ಮೊದ್ಲು ಹೋಗ್ಬೇಕು ಕಣೆ."

ಅದು ನಿಜವೇ. ಆದರೂ ಅವರಿಗೆ ತಿಳಿಯದ ಹಾಗೆ ರೈಟರ ಬಳಿ ಹೋಗಿ, ನಮ್ಮ ಮನೆಯವರಿಗೆ ಕಿವಿ ಕೇಳುವುದಿಲ್ಲ, ಕಳಿಸಬೇಡಿ ಎಂದು ಕೈ ಮುಗಿದೆ. ಆತ ಒಳ್ಳೆಯ ಮನುಷ್ಯ. ನನ್ನನ್ನು ಕೂರಿಸಿ ಕಾಫಿ ಕೊಡಿಸಿ ನಕ್ಕರು.

"ಹೆದ್ರುಕೊಂಡು ಹಂಗಂತೀರ ಅಕ್ಕ. ಎಂಥಾ ಗುಂಡಿಗೆ ಐತೆ ಅವ್ರಿಗೆ! ಆನೆ ಏನ್ ಮಾಡ್ತೈತೆ?"

ಪದಕ ಎಲ್ಲರಿಗೂ ಕಾಣುತ್ತದೆ, ಕೆಟ್ಟ ಕಿವಿ ಯಾರಿಗೂ ಕಾಣುವುದಿಲ್ಲ. ಹೆಂಡತಿಯ ಮಾತಂತೂ ಹೆದರುಪುಕ್ಕಲಿಯ ಮಾತು. ನಾನು ಲೋಟ ಕೆಳಗಿಟ್ಟು ಎದ್ದು ಬಂದೆ.

ಮಾರನೆಯ ಬೆಳಿಗ್ಗೆ ಅವರ ಜೊತೆ ನಾನೂ ಹೊರಟೆ. ಬೇಡವೆಂದು ಕಣ್ಣು ಕೆಕ್ಕರಿಸಿದರು. ನಾನು ಮುಖ ತಿರುಗಿಸಿದೆ. ಅವತ್ತಿನಿಂದ ಇದೇ ನಡೆದಿದೆ. ಮುಂದೆ ಅವರು, ಹಿಂದೆ ಅವರ ಸ್ವೆಟರಿನ ಅಂಚು ಹಿಡಿದು ನಾನು. ಎಳೆದರೆ ನಿಲ್ಲಬೇಕು ಎಂಬುದು ನಮ್ಮಿಬ್ಬರ ಒಪ್ಪಂದ. ಗಂಡನನ್ನು ಬಿಟ್ಟಿರಲಾರದವಳು ಎಂದು ಲೈನಿನ ಹೆಂಗಸರು ಕಿಸಕ್ಕನೆ ನಗುತ್ತಾರೆ. ನಗಲಿ. ಒಂದು ಒಣ ಎಲೆ ಬಿದ್ದರೂ ನನಗೆ ಜೀವ ಹೋಗುತ್ತದೆ.

ಹೋದ ವಾರ ಹೊಂಗಡಹಳ್ಳದ ರಸ್ತೆಯ ಕಡೆಯ ತೋಟದ ಪಟ್ಟೆಯಲ್ಲಿ ಇಳಿಯುತ್ತಿದ್ದೆವು. ಎರಡು ಮಾರು ದೂರದ ಆಚೆ ಏನೂ ಕಾಣದಷ್ಟು ಮಂಜು. ನನ್ನ ಹಿಂದೆ, ತೀರ ಹತ್ತಿರದಲ್ಲಿ, ಕೊಂಬೆಯೊಂದು ಮುರಿಯಿತು. ಆಮೇಲೆ ಉಸಿರು. ಅಷ್ಟು ದೊಡ್ಡ ಉಸಿರನ್ನು ಇನ್ನಾವ ಪ್ರಾಣಿಯೂ ಬಿಡುವುದಿಲ್ಲ. ನಾವು ದಾಟಿ ಬಂದ ಗಿಡಗಳ ಹಿಂದೆಯೇ ಅದು ನಿಂತಿತ್ತು.

ಸ್ವೆಟರು ಎಳೆದೆ. ಅವರು ನಿಂತು, ತಿರುಗಿ ನನ್ನ ಮುಖ ನೋಡಿದರು. ಅಷ್ಟೇ ಸಾಕಾಯಿತು. ಯಾವ ಕಡೆ ಎಂದು ತೋರಿಸಲು ನನ್ನ ಕೈ ಏಳಲಿಲ್ಲ, ತುಟಿ ಅಲುಗಲಿಲ್ಲ. ಅವರು ಮತ್ತೆ ಮುಂದಕ್ಕೆ ತಿರುಗಿ, ಎರಡೂ ಕೈ ಅಗಲಿಸಿ ನನಗೆ ಅಡ್ಡ ನಿಂತರು. ಎದೆಯೊಡ್ಡಿ, ಕಾಲೂರಿ, ಎದುರಿನ ಬರೀ ಮಂಜನ್ನು ದಿಟ್ಟಿಸುತ್ತಾ. ಆ ಹಿಮದ ಬೆಟ್ಟದಲ್ಲೂ ಹೀಗೇ ನಿಂತಿದ್ದಿರಬೇಕು.

ಆನೆ ನನ್ನ ಬೆನ್ನ ಹಿಂದೆ ಉಸಿರಾಡುತ್ತಿತ್ತು.

ಎಷ್ಟು ಹೊತ್ತು ನಿಂತೆವೋ. ಅದು ತನ್ನಷ್ಟಕ್ಕೆ ಕೆಳಗಿನ ಹಳ್ಳದ ಕೊಲ್ಲಿಯ ಕಡೆ ಇಳಿದು ಹೋಯಿತು. ಗಿಡ ಸರಿದ ಸದ್ದು ದೂರವಾಯಿತು. ಸ್ವೆಟರು ಸಡಿಲವಾದದ್ದು ತಿಳಿದು ಅವರು ತಿರುಗಿದರು. ಮುಖದ ತುಂಬ ಬೆವರು.

"ಹೋಯ್ತಾ?" ಎಂದರು.

ತಲೆಯಾಡಿಸಿದೆ. ಅವರು ಎದೆಯುಬ್ಬಿಸಿ ಕೂಗು ಹಾಕಿದರು. ಮೇಲಿನಿಂದ ಹೆಂಗಸರು ಬುಟ್ಟಿ ಹಿಡಿದು ನಗುತ್ತಾ ಇಳಿದು ಬಂದರು. ಆನೆ ಯಾವ ಕಡೆ ನಿಂತಿತ್ತೆಂದು ನಮ್ಮ ಮನೆಯವರು ನನ್ನನ್ನು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಕುಯ್ಲು ಮುಗಿಯಲು ಇನ್ನೂ ಬಹಳ ದಿನ ಇದೆ.