ಮೆಟ್ರಿ ತಾಯಕ್ಕನ ಹಗುರ ಕೈ

ಮೆಟ್ರಿಯ ತಾಯಕ್ಕ ಮಂಡಿ ತಿಕ್ಕಿದರೆ ಜನ ಅಳುತ್ತಿದ್ದರು. ಅತ್ತವರು ಮರುವಾರ ಮತ್ತೆ ಬರುತ್ತಿದ್ದರು.

ಕಂಪ್ಲಿಯಿಂದ ಬರುವವರು, ಸಂಡೂರು ಕಡೆಯ ಬಂಡ್ರಿಯಿಂದ ಬರುವವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಕಾಲೆಳೆದುಕೊಂಡು ಬರುವವರು, ಎಲ್ಲರಿಗೂ ಅವಳ ಅಂಗಳದಲ್ಲಿ ಒಂದೇ ಈಚಲು ಚಾಪೆ. ಬಂದವರು ಕಾಲು ಚಾಚಿ ಕುಳಿತರೆ, ತಾಯಕ್ಕ ಬಿಸಿ ಹರಳೆಣ್ಣೆ ಸವರಿ, ಎರಡೂ ಹೆಬ್ಬೆರಳನ್ನು ಮಂಡಿ ಚಿಪ್ಪಿನ ಮೇಲಿಟ್ಟು ಮೈಭಾರವನ್ನೆಲ್ಲ ಬಿಟ್ಟು ಒತ್ತುತ್ತಿದ್ದಳು. ಕೂತವರು ಹಲ್ಲು ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡರೆ, "ಅದ ನೋಡ್ರಿ, ನೋವು ಹೊರಗ ಬರಾಕತ್ತೈತಿ" ಎನ್ನುತ್ತಿದ್ದಳು. ಈ ವಿದ್ಯೆ ಅವಳಿಗೆ ಅತ್ತೆಯಿಂದ ಬಂದದ್ದು. ಅತ್ತೆ ಕಲಿತದ್ದು ಎತ್ತುಗಳ ಕಾಲು ತಿಕ್ಕಿ. ಆ ಎತ್ತುಗಳಿಗೆ ಗುಣವಾಗಿತ್ತೋ ಇಲ್ಲವೋ, ಕೇಳಿ ತಿಳಿದವರು ಯಾರೂ ಇರಲಿಲ್ಲ.

ತಾಯಕ್ಕನಿಗೆ ಐವತ್ತೆಂಟು. ಕಾಲುವೆ ನೀರಿನ ಗದ್ದೆಗಳಲ್ಲಿ ಮೂವತ್ತು ವರ್ಷ ಭತ್ತ ನಾಟಿ ಮಾಡಿದವಳು. ಕೆಸರಲ್ಲಿ ಹೂತ ಕಾಲನ್ನು ಕಿತ್ತು ಕಿತ್ತು ಇಟ್ಟ ಲೆಕ್ಕವನ್ನು ಅವಳು ಮರೆತಿದ್ದರೂ ಅವಳ ಬಲಮಂಡಿ ಮರೆತಿರಲಿಲ್ಲ. ಹೋದ ವರ್ಷದ ಚಳಿಗಾಲದಲ್ಲಿ ಅದು ಶುರುವಾಯಿತು. ಬೆಳಿಗ್ಗೆ ಎದ್ದರೆ ಕಾಲು ಮಡಚುತ್ತಿರಲಿಲ್ಲ, ಮಡಚಿದರೆ ಒಳಗೆ ಮರಳು ತುಳಿದಂಥ ಸದ್ದು. ಊರಿಗೆಲ್ಲ ಮಂಡಿ ತಿಕ್ಕುವವಳಿಗೇ ಮಂಡಿನೋವು ಎಂದರೆ ಮರ್ಯಾದೆಯ ಪ್ರಶ್ನೆ. ಜನರ ಎದುರು ನೆಟ್ಟಗೆ ನಡೆದು, ಬಾಗಿಲು ದಾಟಿದ ಮೇಲೆ ಗೋಡೆ ಹಿಡಿಯುವುದನ್ನು ಅವಳು ಅಭ್ಯಾಸ ಮಾಡಿಕೊಂಡಳು.

ಗಂಡ ಉಚ್ಚೆಂಗಪ್ಪ ಇದನ್ನೆಲ್ಲ ಬೀಡಿ ಸೇದುತ್ತಾ ನೋಡುತ್ತಿದ್ದ. ಒಂದು ದಿನ, "ಮಂದಿಗೆಲ್ಲ ತಿಕ್ಕತಿ. ನಿನಗ ನೀನ ಒಂದ ಸಲ ತಿಕ್ಕೋ" ಅಂದ.

ಮಾತು ಸರಿಯಾಗಿಯೇ ಇತ್ತು. ತಾಯಕ್ಕ ಎಣ್ಣೆ ಕಾಯಿಸಿ, ತನ್ನ ಮಂಡಿಯ ಮೇಲೆ ತನ್ನ ಹೆಬ್ಬೆರಳಿಟ್ಟು, ಬಂದವರಿಗೆ ಒತ್ತುವಷ್ಟೇ ನಿಯತ್ತಾಗಿ ಒತ್ತಿದಳು. ಜೀವ ಬಾಯಿಗೆ ಬಂತು. ಇಷ್ಟು ವರ್ಷ ಜನ ಯಾಕೆ ಅಳುತ್ತಿದ್ದರು ಎಂಬುದು ಅವಳಿಗೆ ಮೊದಲ ಸಲ ಒಳಗಿನಿಂದ ತಿಳಿಯಿತು. ಮರುದಿನ ಮಂಡಿ ಬುಂಡೆಯಂತೆ ಊದಿತ್ತು. ನೋವು ಹೊರಗೆ ಬಂದಿರಲಿಲ್ಲ, ಇನ್ನಷ್ಟು ನೆಂಟರನ್ನು ಕರೆದುಕೊಂಡು ಒಳಗೇ ಕೂತಿತ್ತು.

ವಾರದಲ್ಲಿ ಊತ ಇಳಿಯಿತು, ನೋವು ಇಳಿಯಲಿಲ್ಲ. ಹೊಸಪೇಟೆಯಲ್ಲಿ ಅಣ್ಣನ ಮನೆಗೆ ಹೋಗಿ ಬರುತ್ತೇನೆಂದು ಹೇಳಿ ತಾಯಕ್ಕ ಬಸ್ಸು ಹತ್ತಿದಳು. ಇಳಿದವಳು ಸೀದಾ ಹೋದದ್ದು ಬಸ್ ಸ್ಟ್ಯಾಂಡ್ ಹಿಂದಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ. ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಒಳಗೆ ಕಾಲಿಟ್ಟರೆ, ಬೆಂಚಿನ ಮೇಲೆ ಅದೇ ರೀತಿ ಸೆರಗೆಳೆದುಕೊಂಡ ಇನ್ನೊಬ್ಬಳು ಕೂತಿದ್ದಳು. ಮೆಟ್ರಿಯ ಚೆನ್ನಬಸಮ್ಮ. ತಾಯಕ್ಕನ ಕೈಯಲ್ಲಿ ಎರಡು ವರ್ಷದಿಂದ ವಾರ ತಪ್ಪದೆ ಮಂಡಿ ತಿಕ್ಕಿಸಿಕೊಂಡವಳು.

"ನಮ್ಮ ತಂಗಿ ಮಗಳ ಸಂಗಾಟ ಬಂದೀನಿ" ಎಂದಳು ಚೆನ್ನಬಸಮ್ಮ. ಆ ತಂಗಿ ಮಗಳು ಎಲ್ಲೂ ಕಾಣಲಿಲ್ಲ.

"ನಾನೂ ಹಂಗ, ನಮ್ಮಣ್ಣನ ಸಂಗಾಟ" ಎಂದಳು ತಾಯಕ್ಕ. ಅಣ್ಣನೂ ಇರಲಿಲ್ಲ. ಇಬ್ಬರೂ ಗೋಡೆಯ ಮೇಲಿದ್ದ ಎಲುಬಿನ ಚಿತ್ರವನ್ನು ಗಮನವಿಟ್ಟು ನೋಡುತ್ತಾ ಕೂತರು.

ಒಳಗಿದ್ದವಳು ಪೂಜಿತಾ, ಓದು ಮುಗಿಸಿ ಎರಡು ವರ್ಷವಾಗಿದ್ದ ಹುಡುಗಿ. ತಾಯಕ್ಕನ ಮಂಡಿಯನ್ನು ಮಡಚಿ ಬಿಚ್ಚಿ ನೋಡಿದಳು. ಚಿಪ್ಪಿನ ಸುತ್ತ ಇನ್ನೂ ಮಾಸದ ನೀಲಿ ಗುರುತು ಕಂಡು ಹುಬ್ಬು ಗಂಟಿಕ್ಕಿದಳು.

"ಇದನ್ನ ಯಾರು ಒತ್ಯಾರ್ರಿ?"

ಉತ್ತರಕ್ಕೆ ಕಾಯದೆ ಪೂಜಿತಾಳೇ ಮುಂದುವರಿಸಿದಳು. "ಮೆಟ್ರಿ ಕಡೆ ಯಾರೋ ಒಬ್ಬಾಕಿ ಅದಾಳಂತ. ಚಿಪ್ಪು ಒತ್ತಿ ಒತ್ತಿ ಮಂದಿನ ಅಳಿಸ್ತಾಳಂತ. ಇಂಥಾ ನೀಲಿ ಮಂಡಿ ತಿಂಗಳಿಗೆ ಮೂರು ನಾಕು ಬರ್ತಾವ. ಆಕಿ ಹತ್ರ ಮತ್ತ ಹೋಗಬ್ಯಾಡ್ರಿ."

"ಹೋಗಂಗಿಲ್ಲ ಬಿಡ್ರಿ" ಎಂದಳು ತಾಯಕ್ಕ. ಅವಳ ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಎಲುಬುಗಳ ನಡುವಿನ ಮೆತ್ತೆ ಸವೆದಿದೆ, ಸವೆದದ್ದು ತಿಕ್ಕಿದರೆ ಮತ್ತೆ ಬೆಳೆಯುವುದಿಲ್ಲ ಎಂದು ಪೂಜಿತಾ ಮೊದಲೇ ಹೇಳಿಬಿಟ್ಟಳು. ತಿಕ್ಕುವುದು ನೋವು, ಬಿಗಿತ ಕಡಿಮೆಯಾಗಲಿ ಅಂತ ಮಾತ್ರ. ಅದಕ್ಕೆ ಚಿಪ್ಪಿನ ತಂಟೆಗೆ ಹೋಗಬೇಕಿಲ್ಲ, ಕೆಲಸ ಇರುವುದು ತೊಡೆಯಲ್ಲಿ. ಅಂಗೈ ಬಿಡಿಸಿಟ್ಟು ಮಂಡಿಯ ಮೇಲ್ಗಡೆಯಿಂದ ತೊಡೆಯತ್ತ ನಿಧಾನವಾಗಿ ನೀವಬೇಕು. ಆಮೇಲೆ ತೊಡೆಯ ಮಾಂಸವನ್ನು ರೊಟ್ಟಿ ಹಿಟ್ಟಿನಂತೆ ಹಿಡಿದು ಬಿಟ್ಟು ನಾದಬೇಕು. ಮೀನಖಂಡಕ್ಕೂ ಹಾಗೆಯೇ. ಚಿಪ್ಪಿನ ಅಂಚಿನಲ್ಲಿ ಬೆರಳ ತುದಿಯಿಂದ ಸಣ್ಣ ಸಣ್ಣ ಸುತ್ತು, ಅಷ್ಟೇ. ಎಣ್ಣೆ ಕೈ ಜಾರಲಿಕ್ಕೆ, ಅದರೊಳಗೆ ಬೇರೆ ಮಹಿಮೆ ಇಲ್ಲ. ಮಂಡಿ ಊದಿ ಬಿಸಿಯಾಗಿದ್ದರೆ ಆವತ್ತು ಮುಟ್ಟಲೇಬಾರದು. ಜೊತೆಗೆ ದಿನಾ ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಹಿಡಿಯುವ ವ್ಯಾಯಾಮ.

"ಈಗ ನೀವ ಮಾಡಿ ತೋರಸ್ರಿ" ಎಂದಳು.

ತಾಯಕ್ಕ ಮಾಡಿದಳು. ಮೂರನೇ ಸಲಕ್ಕೆ ಅವಳ ಕೈ ಪೂಜಿತಾಳ ಕೈಗಿಂತ ಚೆನ್ನಾಗಿ ಓಡುತ್ತಿತ್ತು. ಹುಡುಗಿ ಬೆರಗಾಗಿ, "ಎಲ್ಲಿ ಕಲತೀರಿ ಇದನ್ನ?" ಎಂದು ಕೇಳಿದಳು.

"ರೊಟ್ಟಿ ಬಡೀತೀನಲ್ರೀ" ಎಂದಳು ತಾಯಕ್ಕ.

ಮನೆಗೆ ಬಂದವಳು ಒಂದು ತಿಂಗಳು ತನ್ನ ಮೇಲೇ ಪ್ರಯೋಗ ಮಾಡಿದಳು. ಮಂಡಿ ಹೊಸದೇನೂ ಆಗಲಿಲ್ಲ, ಆದರೆ ಗೋಡೆ ಹಿಡಿಯುವುದು ತಪ್ಪಿತು. ಉಚ್ಚೆಂಗಪ್ಪ, "ನಾ ಹೇಳಿದ್ನಿಲ್ಲ, ನೀನ ತಿಕ್ಕೋ ಅಂತ" ಎಂದು ಅದರ ಹಿರಿಮೆಯನ್ನು ತಾನೇ ತೆಗೆದುಕೊಂಡ. ಆದರೆ ಚಾಪೆಯ ಮೇಲೆ ಕೂತ ಒಂದೊಂದು ಕಾಲನ್ನು ನೋಡಿದಾಗಲೂ ತಾಯಕ್ಕನಿಗೆ ಆ ನೀಲಿ ಗುರುತು ನೆನಪಾಗುತ್ತಿತ್ತು. ತಾನು ಎಷ್ಟು ಮಂದಿಗೆ ಅದನ್ನು ಕೊಟ್ಟು, ಅವರಿಂದಲೇ ಕೈಮುಗಿಸಿಕೊಂಡೆ ಎಂದು ಯೋಚಿಸಿದರೆ ಊಟ ಸೇರುತ್ತಿರಲಿಲ್ಲ. ಒಂದು ಸೋಮವಾರ ಅವಳು ಒತ್ತುವುದನ್ನು ಬಿಟ್ಟಳು. ಬಂದವರಿಗೆಲ್ಲ ಪೂಜಿತಾ ಹೇಳಿದಂತೆಯೇ ತೊಡೆ ನೀವಿದಳು.

ಯಾರೂ ಅಳಲಿಲ್ಲ. ಅಲ್ಲಿಗೆ ಅವಳ ಹೆಸರು ಕೆಟ್ಟಿತು.

"ಮಂಡಿ ನೂಸತೈತಿ ಅಂದ್ರ ತೊಡಿ ತಿಕ್ಕತಾಳ" ಎಂದರು ಕೆಲವರು. "ವಯಸ್ಸಾತು, ಕೈಯಾಗ ಶಕ್ತಿ ಉಳದಿಲ್ಲ" ಎಂದರು ಉಳಿದವರು. ನಡೆಯುವಾಗ ಹಗುರವಾಗಿದೆ ಎಂದು ಒಪ್ಪಿಕೊಂಡವರೂ, ಅಷ್ಟು ಸುಲಭವಾಗಿ ಆದ ಹಗುರ ನಿಜವಿರಲಾರದು ಎಂದು ಬರುವುದನ್ನು ಬಿಟ್ಟರು. ಕಂಪ್ಲಿಯಲ್ಲಿ ಕಾಳಪ್ಪ ಎಂಬವನು ಮೊಣಕೈಯಿಂದ ಒತ್ತುತ್ತಾನಂತೆ, ಗಂಡಸರೂ ಕಿರುಚುತ್ತಾರಂತೆ ಎಂಬ ಸುದ್ದಿ ಹಬ್ಬಿ ಜನ ಅತ್ತ ತಿರುಗಿದರು. ಎರಡು ತಿಂಗಳಲ್ಲಿ ತಾಯಕ್ಕನ ಚಾಪೆಯ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು.

ಆಗ ಬಂದವನು ಬಂಡ್ರಿಯ ಹೊನ್ನೂರುಸ್ವಾಮಿ. ತೋರಣಗಲ್ಲಿನಲ್ಲಿ ಕಂಟ್ರ್ಯಾಕ್ಟ್ ಕೆಲಸ, ದಿನವಿಡೀ ಕಬ್ಬಿಣದ ಮೆಟ್ಟಿಲು ಹತ್ತಿ ಇಳಿಯುವುದು. ಕಾಳಪ್ಪನ ಮೊಣಕೈಯಿಂದ ನೇರವಾಗಿ ಬಂದಿದ್ದ. ಎಡಮಂಡಿ ಊದಿ, ಮುಟ್ಟಿದರೆ ಕಾದ ಹಂಚಿನಂತಿತ್ತು. ಮೈಯಲ್ಲಿ ಜ್ವರವೂ ಇತ್ತು.

ತಾಯಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. "ಇದನ್ನ ನಾ ಮುಟ್ಟಂಗಿಲ್ಲ."

"ಅಷ್ಟು ದೂರದಿಂದ ಬಂದೀನಬೇ. ಹಗೂರಾದ್ರೂ ತಿಕ್ಕು."

"ಹಗೂರನೂ ಇಲ್ಲ, ಜೋರನೂ ಇಲ್ಲ. ಇವತ್ತ ದವಾಖಾನಿಗೆ ಹೋಗು, ನಾಳೆ ಅನಬ್ಯಾಡ."

ಅವನು ಬೈದುಕೊಂಡೇ ಹೋದ. ಆದರೆ ದವಾಖಾನೆಗೇ ಹೋದ. ಮಂಡಿಯೊಳಗೆ ಕೀವು ಕಟ್ಟಿತ್ತಂತೆ, ಎರಡು ದಿನ ತಡವಾಗಿದ್ದರೆ ಕಾಲಿಗೇ ಕುತ್ತಿತ್ತಂತೆ. ಆಸ್ಪತ್ರೆಯಿಂದ ಎದ್ದು ಬಂದವನು ತನ್ನ ಶಿಫ್ಟಿನವರಿಗೆಲ್ಲ ಒಂದೇ ಕತೆ ಹೇಳಿದ. ಆ ಕತೆ ಕಂಪನಿ ಬಸ್ಸಿನಲ್ಲಿ ಊರೂರಿಗೆ ಹೋಯಿತು. ಹೋಗುತ್ತಾ ಹೋಗುತ್ತಾ ದವಾಖಾನೆ ಬಿಟ್ಟುಹೋಗಿ, ತಾಯಕ್ಕ ಮಾತ್ರ ಉಳಿದಳು. ಮೆಟ್ರಿಯ ತಾಯಕ್ಕ ಮುಟ್ಟದೆಯೇ ಮಂಡಿಯೊಳಗಿನದನ್ನು ಹೇಳುತ್ತಾಳೆ ಎಂದು.

ಮೆಣಸಿನಕಾಯಿ ತೆಗೆಯಬೇಕಾಯಿತು. ಈ ಸಲ ಬಂದವರು ಮೊದಲಿಗಿಂತ ಹೆಚ್ಚು. ತಿಕ್ಕಿಸಿಕೊಳ್ಳುವ ಆಸೆಯೇ ಅವರಿಗಿರಲಿಲ್ಲ, ತಾಯಕ್ಕ ನೋಡಿದರೆ ಸಾಕಿತ್ತು. ತನಗೆ ಅಂಥದ್ದೇನೂ ತಿಳಿಯದು, ಬಿಸಿ ಇತ್ತು ಅದಕ್ಕೆ ಕಳಿಸಿದೆ ಎಂದು ಅವಳು ಎಷ್ಟು ಹೇಳಿದರೂ, ದೊಡ್ಡವರು ಹಾಗೆಯೇ ಹೇಳುವುದು ಎಂದು ತಲೆಯಾಡಿಸಿದರು. ಕೊನೆಗೆ ಅವಳು ವಾದ ಬಿಟ್ಟಳು. ಬಂದವರನ್ನು ಸಾಲಾಗಿ ಕೂರಿಸಿ, ಅವರವರ ತೊಡೆಯನ್ನು ಅವರವರೇ ನೀವಿಕೊಳ್ಳಲು ಹಚ್ಚಿದಳು. ತಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಲಗಾಲನ್ನು ಚಾಚಿ ಹಿಡಿದು ಹತ್ತು ಎಣಿಸುತ್ತಾಳೆ, ಅವರೂ ಎಣಿಸುತ್ತಾರೆ. ಕಾಲು ಚಾಚುವುದು ಏನೋ ವ್ರತವೆಂದು ಕೆಲವರು ತಿಳಿದಿದ್ದಾರೆ.

"ನಮ್ಮ ಕೈಲೇ ತಿಕ್ಕೊಳ್ಳಾದಾದ್ರ ಇಲ್ಲೀತನಕ ಯಾಕ ಬರಬೇಕಬೇ?" ಎಂದು ಒಂದು ಬೆಳಿಗ್ಗೆ ದ್ಯಾಮಕ್ಕ ಎಂಬ ಮುದುಕಿ ಕೇಳಿದಳು.

"ಮನ್ಯಾಗಿದ್ರ ತಿಕ್ಕೋತಿದ್ದೇನು?"

ಇಲ್ಲವೆಂದಳು ದ್ಯಾಮಕ್ಕ.

"ಮತ್ತ ಕುಂದ್ರು. ಅಂಗೈ ಬಿಡಿಸಿ ಇಡು, ಬೆರಳಿಲೆ ಒತ್ತಬ್ಯಾಡ."

ದ್ಯಾಮಕ್ಕ ಸೀರೆ ಸರಿಪಡಿಸಿಕೊಂಡು, ಪಕ್ಕದವಳಿಗೆ ಸ್ವಲ್ಪ ಸರಿಯಲು ಹೇಳಿ, ಕಾಲು ಚಾಚಿದಳು.